ಸಗರನಾಡಿನ ಹಳೆಯ ದಾರಿ

ಕೋಟೆ, ದೇವಾಲಯ, ಶಾಸನಗಳು ಇತಿಹಾಸದ ಆಕರಗಳೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅವುಗಳನ್ನು ಒಂದಕ್ಕೊಂದು ಬೆಸೆದ ದಾರಿಯನ್ನು ಆಕರವೆಂದು ಪರಿಗಣಿಸುವವರು ವಿರಳ. ಯಾದಗಿರಿ, ಶಹಾಪುರ, ಸುರಪುರಗಳ ನಡುವಣ ಹಳೆಯ ಬಂಡಿದಾರಿಗಳಿಗೆ ಒದಗಿರುವ ಅವಜ್ಞೆಗೆ ಈ ದೃಷ್ಟಿಯೇ ಮೂಲಕಾರಣ.

ಸಗರನಾಡೆಂದು ಪ್ರಸಿದ್ಧವಾದ ಈ ಸೀಮೆಯ ಬಹುಭಾಗವು ಭೀಮಾ ಮತ್ತು ಕೃಷ್ಣಾ ನದಿಗಳ ನಡುವೆ ಹರಡಿದೆ. ದಕ್ಷಿಣದಿಂದ ಬರುವವನು ಕೃಷ್ಣೆಯನ್ನು ದಾಟಿ ಸುರಪುರಕ್ಕೂ, ಅಲ್ಲಿಂದ ಶಹಾಪುರಕ್ಕೂ ಸಾಗಿ, ಭೀಮೆಯನ್ನು ದಾಟಿ ಯಾದಗಿರಿಯನ್ನು ತಲುಪಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ದಾರಿಯ ಗತಿಯನ್ನು ನಿರ್ಧರಿಸುತ್ತಿದ್ದುದು ಹೊಳೆಯ ಕಡವು. ಎಲ್ಲಿ ನೀರು ತಗ್ಗುವುದೋ, ಎಲ್ಲಿ ಹರಿಗೋಲು ಸಿಗುವುದೋ ಅತ್ತ ದಾರಿ ಹೊರಳುತ್ತಿತ್ತು. ಇಂದಿನ ಡಾಂಬರು ರಸ್ತೆಗೆ ಕಡವಿನ ಹಂಗಿಲ್ಲ. ಆದಕಾರಣ ಅದು ಎಲ್ಲೆಡೆಯೂ ಹಳೆಯ ಜಾಡಿನ ಮೇಲೆಯೇ ಸಾಗುತ್ತದೆಂದು ಭಾವಿಸುವುದು ಯುಕ್ತವಲ್ಲ.

ಈ ನೆಲದಲ್ಲಿ ಮಾನವನ ಸಂಚಾರವು ಅತಿ ಪ್ರಾಚೀನವಾದುದು. ಹುಣಸಗಿ ಕಣಿವೆಯಲ್ಲಿ ಕೆ. ಪದ್ದಯ್ಯನವರು ದಶಕಗಳ ಕಾಲ ನಡೆಸಿದ ಶೋಧನೆಯಿಂದ ಆದಿ ಹಳೆಶಿಲಾಯುಗದ ನೆಲೆಗಳು ಬೆಳಕಿಗೆ ಬಂದವು. ಅವುಗಳಲ್ಲಿ ಇಸಾಂಪುರದ ಪ್ರಾಯವನ್ನು ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಿಸಲಾಗಿದೆ. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಗುಂಡುಗಳನ್ನು ಸಾಲುಸಾಲಾಗಿ ಇರಿಸಿರುವ ಪ್ರಾಗೈತಿಹಾಸಿಕ ವಿನ್ಯಾಸವಿದೆ. ಅದನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವನು ಸುರಪುರದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರ್. 1840ರ ದಶಕದ ಆರಂಭದಿಂದ 1853ರವರೆಗೆ ಅವನು ಇಲ್ಲಿದ್ದನು. ಸಂಸ್ಥಾನದ ಆಡಳಿತಕ್ಕಾಗಿ ಊರೂರು ಸುತ್ತಿದ ಅಧಿಕಾರಿಗೆ ದಾರಿಯೇ ಪುರಾತತ್ತ್ವದ ಪಾಠಶಾಲೆಯಾಯಿತೆಂದರೆ ಅತಿಶಯೋಕ್ತಿಯಾಗದು.

ಶರಣ ಪರಂಪರೆಯ ಅಧ್ಯಯನಕ್ಕೂ ಈ ದಾರಿಗಳು ಅವಶ್ಯಕ. ಆದ್ಯ ವಚನಕಾರರಲ್ಲಿ ಒಬ್ಬನಾದ ದೇವರ ದಾಸಿಮಯ್ಯನ ಮುದನೂರು, ಭೋಗಣ್ಣನ ಕೆಂಭಾವಿ, ಕಾಲಜ್ಞಾನಕ್ಕೆ ಹೆಸರಾದ ಬಸವಣ್ಣನ ಕೊಡೇಕಲ್ಲು, ಕೃಷ್ಣಾತೀರದಲ್ಲಿ ಮೌನೇಶ್ವರನ ತಿಂಥಣಿ ಇವೆಲ್ಲ ಈ ಸೀಮೆಯವೇ. ದಾಸಿಮಯ್ಯನು ನೇಕಾರ. ನೇಯ್ದ ಸೀರೆಯನ್ನು ಸಂತೆಗೆ ಒಯ್ದು ಮಾರುವುದು ಅವನ ಕಾಯಕದ ಅರ್ಧಭಾಗ. ಜಂಗಮರೂಪದಿಂದ ಬಂದ ಶಿವನು ಅವನ ಬಟ್ಟೆಯನ್ನು ಕೇಳಿ ಪಡೆದನೆಂಬ ಐತಿಹ್ಯವಿದೆ. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಕಂಡ ಪರಂಪರೆಗೆ ದಾರಿಯು ಬರಿಯ ಸೌಕರ್ಯವಾಗಿರಲಿಲ್ಲ. ವಚನಗಳೂ ಕಾಲಜ್ಞಾನದ ಪದಗಳೂ ಓಲೆಗರಿಗಳಲ್ಲಿ ಮಾತ್ರವಲ್ಲದೆ ನಡೆಯುವವರ ಬಾಯಲ್ಲೂ ಊರಿಂದ ಊರಿಗೆ ಹರಿದುವು.

ರಾಜಕೀಯ ಇತಿಹಾಸವೂ ಇದೇ ನೆಲದ ಮೇಲೆ ನಡೆದುಹೋಗಿದೆ. 1705ರಲ್ಲಿ ಔರಂಗಜೇಬನು ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ ಸುರಪುರದ ಬಳಿಯ ವಾಗಿನಗೇರಿಯದು. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನ ವಿರುದ್ಧ ಲಿಂಗಸುಗೂರಿನ ದಂಡು ಬಂದಿತು. ನಾಯಕನು ಹೈದರಾಬಾದಿನತ್ತ ಹೋಗಿ ಅಲ್ಲಿ ಸೆರೆಯಾದನು. ಸಂಸ್ಥಾನವು ಅಳಿದು 1860ರಲ್ಲಿ ನಿಜಾಮನ ವಶವಾಯಿತು. ರಾಜಧಾನಿಯ ಪಟ್ಟ ಹೋದ ಊರಿಗೆ ದಾರಿಗಳ ಓಲೈಕೆಯೂ ತಗ್ಗಿತು. 1871ರ ಹೊತ್ತಿಗೆ ಮುಂಬಯಿ ಕಡೆಯ ರೈಲುಮಾರ್ಗವು ಯಾದಗಿರಿಯ ಮೂಲಕ ರಾಯಚೂರನ್ನು ಮುಟ್ಟಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. ಸುರಪುರ, ಶಹಾಪುರಗಳು ಆ ಮಾರ್ಗದಿಂದ ದೂರವೇ ಉಳಿದುವು. ದೂರಪ್ರಯಾಣವು ಕಂಬಿಗಳ ಮೇಲೆ ಸಾಗತೊಡಗಿದಾಗ ಬಂಡಿದಾರಿಯು ಸ್ಥಳೀಯ ಬಳಕೆಗೆ ಇಳಿಯಿತು. 1982ರಲ್ಲಿ ನಾರಾಯಣಪುರದ ಜಲಾಶಯವು ಸಿದ್ಧವಾದ ಬಳಿಕ ಕಾಲುವೆಯ ನೀರು ಬಂದು ಹೊಲಗಳು ಗದ್ದೆಗಳಾದುವು. ಬರದ ನಾಡಿಗೆ ಇದು ಭಾಗ್ಯವೇ. ಆದರೆ ಮಟ್ಟಮಾಡಿದ ನೆಲದಲ್ಲಿ ಹಳೆಯ ಜಾಡು ಉಳಿಯುವುದು ಕಷ್ಟ.

ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾಯಿದೆಯೂ 1961ರ ರಾಜ್ಯ ಕಾಯಿದೆಯೂ ಇವೆ. ಇವುಗಳ ರಕ್ಷಣೆ ಸಾಮಾನ್ಯವಾಗಿ ಗುರುತಿಸಿದ ಒಂದೊಂದು ತಾಣಕ್ಕೆ ದೊರಕುತ್ತದೆ; ತಾಣಗಳ ನಡುವಣ ಹರದಾರಿಗಳ ಉದ್ದದ ದಾರಿಗೆ ದೊರಕುವುದು ಅಪರೂಪ. ಹೀಗಿದ್ದರೂ ಒಂದು ಆಸರೆಯುಂಟು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಪ್ರಕರಣದಂತೆ ಸಾರ್ವಜನಿಕ ದಾರಿಗಳು ಸರ್ಕಾರದ ಸ್ವತ್ತು. ಗ್ರಾಮನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸುವ ಪದ್ಧತಿಯೂ ಇದೆ. ನೆಲದ ಮೇಲೆ ಅಳಿಸಿದ ಗೆರೆ ಕಾಗದದ ಮೇಲೆ ಉಳಿದಿರಬಹುದು.

2010ರಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದುದರಿಂದ ಈ ಮೂರು ಊರುಗಳ ಕಂದಾಯ ದಾಖಲೆಗಳನ್ನು ಒಟ್ಟಿಗೆ ಪರಿಶೀಲಿಸುವುದು ಈಗ ಸುಲಭ. ಸಾಹಿತ್ಯದ ಹಾಗೂ ಇತಿಹಾಸದ ವಿದ್ಯಾರ್ಥಿಗಳು ಗ್ರಾಮನಕ್ಷೆಗಳನ್ನು ಕೂಡಿಸಿ, ಜಾತ್ರೆಗೆ ನಡೆದುಹೋದ ಹಿರಿಯರನ್ನು ವಿಚಾರಿಸಿ, ಕಡವು, ಬಾವಿ, ಕಟ್ಟೆಗಳನ್ನು ಪಟ್ಟಿಮಾಡಬೇಕು. ದಾರಿಯನ್ನು ಪುನಃ ಬಂಡಿಗಳಿಗೆ ತೆರೆಯಬೇಕೆಂದು ಯಾರೂ ಹೇಳಲಾರರು. ಆದರೆ ಮುದನೂರಿನಿಂದ ಸಂತೆಗೆ ಹೊರಟವನು ಯಾವ ದಿಕ್ಕಿಗೆ ನಡೆದಿರಬಹುದೆಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಆ ಹಿರಿಯರು ಇರುವಾಗಲೇ ಈ ಕಾರ್ಯ ಆಗಬೇಕು.