ಮೆಣಸಿನಕಾಯಿಯ ಔಷಧೀಯ ಬಳಕೆ

ಮೆಣಸಿನಕಾಯಿಯು ಸೊಲನೇಸಿ ಕುಟುಂಬದ ಕ್ಯಾಪ್ಸಿಕಮ್ ಕುಲಕ್ಕೆ ಸೇರಿದ ಸಸ್ಯಗಳ ಕಾಯಿ. ಬದನೆ, ಟೊಮೇಟೊ, ಆಲೂಗಡ್ಡೆಗಳೂ ಇದೇ ಕುಟುಂಬದವು. ಸಾಂಬಾರ ಪದಾರ್ಥವಾಗಿ ಪ್ರಸಿದ್ಧವಾದ ಇದು ಮನೆಮದ್ದಾಗಿಯೂ, ಆಧುನಿಕ ವೈದ್ಯದಲ್ಲಿ ನೋವು ನಿವಾರಕ ಲೇಪನವಾಗಿಯೂ ಬಳಕೆಯಲ್ಲಿದೆ.

ಇತಿಹಾಸ

ಇದರ ಮೂಲ ಅಮೆರಿಕ ಖಂಡ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತು. ಅದಕ್ಕೆ ಮೊದಲು ಇಲ್ಲಿ ಖಾರಕ್ಕೆ ಕಾಳುಮೆಣಸು, ಹಿಪ್ಪಲಿ, ಶುಂಠಿಗಳನ್ನು ಬಳಸುತ್ತಿದ್ದರು. ಹೊಸ ಕಾಯಿಗೆ ಕನ್ನಡಿಗರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು. ಈ ಹೆಸರಿನಿಂದ ಗೊಂದಲವೂ ಹುಟ್ಟಿದೆ. ಚರಕ, ಸುಶ್ರುತ ಸಂಹಿತೆಗಳ 'ಮರಿಚ' ಮತ್ತು ತ್ರಿಕಟು ಚೂರ್ಣದ ಮೆಣಸು ಕಾಳುಮೆಣಸೇ ಹೊರತು ಮೆಣಸಿನಕಾಯಿಯಲ್ಲ. ಅದರ ಗುಣಗಳನ್ನು ಇದಕ್ಕೆ ಆರೋಪಿಸುವುದು ಸರಿಯಲ್ಲ.

ವಿರೂಪಾಪುರಗಡ್ಡೆಯ ಎದುರು ದಡದಲ್ಲಿರುವ ಹಂಪೆಯಲ್ಲಿ ನೆಲೆಸಿದ್ದ ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯನ್ನು ಕುರಿತ ಕೀರ್ತನೆಯೊಂದು ಪ್ರಚಲಿತವಿದ್ದು, ಆಹಾರ ಇತಿಹಾಸಕಾರ ಕೆ. ಟಿ. ಅಚ್ಚಯ್ಯ ಅದನ್ನು ಉಲ್ಲೇಖಿಸಿದ್ದಾರೆ.

ಔಷಧೀಯ ಗುಣ

ಖಾರಕ್ಕೆ ಕಾರಣವಾದ ವಸ್ತು ಕ್ಯಾಪ್ಸೈಸಿನ್. ಇದು ಬೀಜಕ್ಕಿಂತ ಹೆಚ್ಚಾಗಿ ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿರುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ನರತಂತುಗಳಲ್ಲಿ ಸುಡುವ ಶಾಖವನ್ನು ಗ್ರಹಿಸುವ ಗ್ರಾಹಕಕ್ಕೇ ಕ್ಯಾಪ್ಸೈಸಿನ್ ಅಂಟುವುದರಿಂದ, ಬಿಸಿಯಿಲ್ಲದಿದ್ದರೂ ಉರಿಯ ಅನುಭವವಾಗುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ಹಂಚಿಕೊಂಡರು.

ಪದೇ ಪದೇ ಲೇಪಿಸಿದಾಗ ನರತುದಿಗಳು ಮಂದವಾಗಿ ನೋವು ತಗ್ಗುತ್ತದೆ. ಸಂಧಿವಾತದ ನೋವಿಗೆ ಶೇ. 0.025ರಿಂದ 0.075ರಷ್ಟು ಕ್ಯಾಪ್ಸೈಸಿನ್ ಇರುವ ಮುಲಾಮುಗಳಿವೆ. ಸರ್ಪಸುತ್ತಿನ ನಂತರ ಉಳಿಯುವ ನರನೋವಿಗೆ ಶೇ. 8ರ ಪಟ್ಟಿಯನ್ನು ಅಮೆರಿಕದಲ್ಲಿ 2009ರಲ್ಲಿ ಅನುಮೋದಿಸಲಾಯಿತು. ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಹಚ್ಚಬೇಕು. ಪ್ರಮಾಣವನ್ನು ಅಳೆಯಲಾಗದ ಖಾರದ ಪುಡಿ ಇದಕ್ಕೆ ಬದಲಿಯಾಗದು.

ನೆಗಡಿಯಲ್ಲಿ ಖಾರದ ಸಾರು ಕುಡಿದರೆ ಮೂಗು ಸೋರಿ ಕಟ್ಟಿದ್ದು ಬಿಡುತ್ತದೆ. ಈ ಉಪಶಮನ ತಾತ್ಕಾಲಿಕ. ಹಸಿಕಾಯಿಯಲ್ಲಿ 'ಸಿ' ಜೀವಸತ್ವ ಹೇರಳವಾಗಿದ್ದು, ಒಣಗಿಸಿದಾಗ ಬಹುಪಾಲು ನಾಶವಾಗುತ್ತದೆ.

ಅಪಾಯಕಾರಿ ಬಳಕೆಗಳು

ನಾಯಿ ಕಚ್ಚಿದ ಗಾಯಕ್ಕೆ ಖಾರದ ಪುಡಿ ತುಂಬುವ ಪದ್ಧತಿ ಭಾರತದ ಅನೇಕ ಕಡೆ ಇದೆ. ಖಾರವು ರೇಬೀಸ್ ವೈರಾಣುವನ್ನು ಕೊಲ್ಲುವುದಿಲ್ಲ. ಗಾಯವನ್ನು ಕೆರಳಿಸಿ ವೈರಾಣು ನರಗಳನ್ನು ಸೇರಲು ಅನುಕೂಲ ಮಾಡಿಕೊಡಬಹುದು. ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು ಕೂಡಲೇ ಲಸಿಕೆ ಪಡೆಯಬೇಕು. ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ.

ಹಾವು ಕಚ್ಚಿದವರಿಗೆ ಮೆಣಸಿನಕಾಯಿ ಅಗಿಯಲು ಕೊಟ್ಟು, ಖಾರ ತಿಳಿದರೆ ವಿಷವೇರಿಲ್ಲವೆಂದು ನಿರ್ಣಯಿಸುವ ರೂಢಿಗೂ ಆಧಾರವಿಲ್ಲ. ವಿಷವೇರಿದವರಿಗೂ ಖಾರ ತಿಳಿಯಬಹುದು. ಈ ಪರೀಕ್ಷೆಯಲ್ಲಿ ಕಳೆಯುವ ಹೊತ್ತು ಪ್ರತಿವಿಷದ ಚುಚ್ಚುಮದ್ದನ್ನು ತಡಮಾಡುತ್ತದೆ.

ಜಠರದ ಹುಣ್ಣು, ಮೂಲವ್ಯಾಧಿ ಇರುವವರಿಗೆ ಅತಿಖಾರ ಬಾಧೆಯನ್ನು ಹೆಚ್ಚಿಸಬಹುದು. ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗದು. ಆದ್ದರಿಂದ ಕೈ ಉರಿದರೆ ಎಣ್ಣೆ ಸವರಿ ಸಾಬೂನಿನಿಂದ ತೊಳೆಯಬೇಕು. ಬಾಯಿ ಉರಿಗೆ ಹಾಲು ಅಥವಾ ಮೊಸರು ತಕ್ಕುದು. ಕಣ್ಣಿಗೆ ತಗುಲಿದರೆ ಮಾತ್ರ ಶುದ್ಧ ನೀರಿನಿಂದಲೇ ಬಹಳ ಹೊತ್ತು ತೊಳೆಯಬೇಕು.