ಬೇಟೆಯ ಗುರಿ ಮತ್ತು ಕರುಣೆಯ ಹೊಣೆ

ಅರಬ್ ಮರುಭೂಮಿಯಲ್ಲಿ ಬೇಟೆಯು ಅನೇಕರಿಗೆ ವಿನೋದವಲ್ಲ, ಅನ್ನವಾಗಿತ್ತು. ಆದುದರಿಂದ ಇಸ್ಲಾಮ್ ಅದನ್ನು ನಿಷೇಧಿಸದೆ, ಅದಕ್ಕೊಂದು ಶಿಸ್ತನ್ನು ಕಲಿಸಿತು. ತಯ್ಯಿ ಗೋತ್ರದ ಅದೀ ಬಿನ್ ಹಾತಿಮ್(ರ) ಪ್ರವಾದಿವರ್ಯರಲ್ಲಿ(ಸ) ಕೇಳಿದ ಪ್ರಶ್ನೆಗಳು ಆ ಶಿಸ್ತಿನ ತಳಹದಿಯಾಗಿವೆ. ಎಸೆದ ಆಯುಧದ ಮೊನೆ ಚುಚ್ಚಿ ಪ್ರಾಣಿ ಸತ್ತರೆ ಅದು ಹಲಾಲ್. ಅಡ್ಡವಾಗಿ ಬಡಿದು ಸತ್ತರೆ ತಿನ್ನುವಂತಿಲ್ಲ. ಅಲ್‌ಮಾಇದ ಅಧ್ಯಾಯದ 3ನೇ ವಚನವೂ ಏಟಿನಿಂದ ಸತ್ತುದನ್ನು ನಿಷಿದ್ಧಗೊಳಿಸಿದೆ. ಬಾಣ ತಗುಲಿದ ಪ್ರಾಣಿ ನೀರಿನಲ್ಲಿ ಸತ್ತು ಸಿಕ್ಕಿದರೆ ಅದನ್ನೂ ಬಿಡಬೇಕು. ಕೊಂದದ್ದು ಬಾಣವೋ ನೀರೋ ತಿಳಿಯದಲ್ಲವೇ?

ಕವಣೆಗಲ್ಲಿನಂತೆ ಬೆರಳಿನಿಂದ ಹರಳು ಚಿಮ್ಮಿಸುವುದನ್ನೂ ಪ್ರವಾದಿವರ್ಯರು(ಸ) ತಡೆದರು. ಅದು ಬೇಟೆಯನ್ನು ಕೊಲ್ಲದು. ಕಣ್ಣು ಕೀಳುತ್ತದೆ, ಹಲ್ಲು ಮುರಿಯುತ್ತದೆ. ಕೊಲ್ಲುವಾಗಲೂ ಉತ್ತಮ ರೀತಿಯಲ್ಲಿ ಕೊಲ್ಲಬೇಕೆಂಬುದು ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ ಹದೀಸ್‌ನ ಬೋಧನೆ.

ಬಂದೂಕು ಬಂದಾಗ ವಿದ್ವಾಂಸರ ಮುಂದೆ ಹೊಸ ಪ್ರಶ್ನೆ ಎದ್ದಿತು. ಗುಂಡು ಚುಚ್ಚುತ್ತದೆಯೋ, ಜಜ್ಜುತ್ತದೆಯೋ? ದಮಾಸ್ಕಸ್‌ನ ಹನಫಿ ವಿದ್ವಾಂಸ ಇಬ್ನು ಆಬಿದೀನ್ (ಮರಣ 1836) ಅದು ಸುಟ್ಟು ಜಜ್ಜುತ್ತದೆಂದು ಪರಿಗಣಿಸಿ, ಗುಂಡಿನಿಂದಲೇ ಸತ್ತ ಬೇಟೆಯನ್ನು ಒಪ್ಪಲಿಲ್ಲ. ಯಮನ್‌ನ ಶೌಕಾನಿ (ಮರಣ 1834) ಅದು ದೇಹವನ್ನು ಭೇದಿಸುತ್ತದೆಂದು ಅನುಮತಿಸಿದರು. ಅಭಿಪ್ರಾಯ ಬೇರೆಯಾದರೂ ಇಬ್ಬರೂ ಗಾಯದ ಸ್ವರೂಪವನ್ನೇ ಪರಿಶೀಲಿಸಿದರೆಂಬುದು ಗಮನಾರ್ಹ.

ನಮ್ಮ ನಾಡಿನ ಕಾಡುಗಳೂ ಇದೇ ಪಾಠವನ್ನು ಹೇಳುತ್ತವೆ. ಬಂಡೀಪುರ ಒಂದು ಕಾಲದಲ್ಲಿ ಮೈಸೂರು ಅರಸರ ಬೇಟೆಯ ನೆಲವಾಗಿತ್ತು. ಕಡವೆಯ ಮುಂಗಾಲಿನ ಹಿಂಬದಿಯಲ್ಲಿ ಹೃದಯ ಮತ್ತು ಶ್ವಾಸಕೋಶಗಳಿವೆ. ಗುಂಡು ಅಲ್ಲಿ ತಾಗಿದರೆ ಮರಣ ಶೀಘ್ರ. ಹೊಟ್ಟೆಗೆ ತಾಗಿದರೆ ಅದು ಗಂಟೆಗಟ್ಟಲೆ ನರಳುತ್ತದೆ. ಗುರಿ ಖಚಿತವಿಲ್ಲದವನು ಗುಂಡು ಹಾರಿಸಬಾರದು. ಗಾಯಗೊಳಿಸಿದವನು ಹಿಂಬಾಲಿಸದೆ ಬಿಡಬಾರದು. ಹುಲಿಗಳು ನರಭಕ್ಷಕಗಳಾಗಲು ಬೇಟೆಗಾರರು ಹೀಗೆ ಬಿಟ್ಟುಹೋದ ಗಾಯಗಳೂ ಕಾರಣವೆಂದು ಜಿಮ್ ಕಾರ್ಬೆಟ್ 1944ರಲ್ಲೇ ಬರೆದಿದ್ದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡವೆ, ಜಿಂಕೆಗಳ ಬೇಟೆ ಅಪರಾಧ. 1973ರಲ್ಲಿ ಬಂಡೀಪುರ ಹುಲಿ ಮೀಸಲು ಅರಣ್ಯವಾಯಿತು. ಯಾರಾದರೂ ಗುಟ್ಟಾಗಿ ಕಾಡುಮಾಂಸ ತಂದುಕೊಟ್ಟರೆ ಕೆಂಗೇರಿಯಲ್ಲಾಗಲಿ ವಿಜಯನಗರದಲ್ಲಾಗಲಿ ನಮ್ಮ ಮನೆಗಳ ಬಾಗಿಲು ಅದಕ್ಕೆ ತೆರೆಯಬಾರದು. ಬಿಸ್ಮಿಲ್ಲಾಹ್ ಹೇಳಿದ ಮಾತ್ರಕ್ಕೆ ಕದ್ದ ಬೇಟೆ ನಿಷ್ಕಳಂಕವಾಗದು.

ಹಾಗಾದರೆ ಈ ಪಾಠ ನಮಗೇಕೆ? ಬಕ್ರೀದ್‌ನ ಕತ್ತಿ ಮೊಂಡಾಗಿದ್ದರೆ, ಅಳಿಲಿಗೆ ಕವಣೆ ಬೀಸುವ ಮಗನನ್ನು ನಾವು ತಡೆಯದಿದ್ದರೆ, ಅದೇ ಶಿಸ್ತು ಮುರಿಯುತ್ತದೆ. ಮೂಕ ಜೀವಿಯ ನೋವಿಗೂ ಲೆಕ್ಕ ಒಪ್ಪಿಸಬೇಕೆಂಬ ಭಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ.