ಪಯಣದಲ್ಲಿ ತಂಪು ಕಾಯ್ದ ಬಗೆ

ಪುಷ್ಯಮಾಸದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ಜಾತ್ರೆ ಕೂಡುವುದು. ಮೋಟಾರುಗಳು ಬರುವ ಮುಂಚೆ ಸುತ್ತಲಿನ ಹಳ್ಳಿಗಳ ಜನರು ಕಮಾನು ಕಟ್ಟಿದ ಚಕ್ಕಡಿಗಳಲ್ಲಿ ಅಲ್ಲಿಗೆ ಬರುತ್ತಿದ್ದರು. ಚಕ್ಕಡಿಯೊಳಗೆ ಕಟಿರೊಟ್ಟಿಯ ಗಂಟು, ಶೇಂಗಾ ಗುರೆಳ್ಳುಗಳ ಚಟ್ನಿ, ಕುಡಿಕೆಯಲ್ಲಿ ಮೊಸರು; ಹೊರಗೆ ಗಾಳಿಗೆ ತೂಗುವಂತೆ ಕಟ್ಟಿದ, ಕಿರಿದಾದ ಬಾಯಿಯ ಮಣ್ಣಿನ ತತ್ರಾಣಿ. ದಂಡಯಾತ್ರೆಗಳನ್ನು ಹೊಗಳುವ ಶಾಸನಗಳು ಹಲವು ಉಂಟು. ಆ ದಂಡಿಗೆ ಬಿಸಿಲಿನಲ್ಲಿ ತಣ್ಣೀರು ಒದಗಿಸಿದವರನ್ನು ಹೊಗಳಿದವರು ವಿರಳ. ಆದರೂ ಆ ವಿದ್ಯೆಗೆ ದೀರ್ಘವಾದ ಚರಿತ್ರೆಯುಂಟು.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ನೀರನ್ನು ತಂಪುಮಾಡುವ ಏಳು ಬಗೆಗಳನ್ನು ಎಣಿಸಿದೆ: ಪ್ರವಾತಸ್ಥಾಪನ, ಉದಕಪ್ರಕ್ಷೇಪಣ, ಯಷ್ಟಿಕಾಭ್ರಾಮಣ, ವ್ಯಜನ, ವಸ್ತ್ರೋದ್ಧರಣ, ವಾಲುಕಾಪ್ರಕ್ಷೇಪಣ, ಶಿಕ್ಯಾವಲಂಬನ. ಹೆಸರುಗಳು ಘನವಾಗಿ ಕೇಳಿಸಿದರೂ ಇವುಗಳಲ್ಲಿ ಹಲವು ನಮ್ಮ ಹಿರಿಯರ ಅಡಿಗೆಮನೆಯವೇ. ಗಾಳಿ ಸುಳಿಯುವ ಬಾಗಿಲಲ್ಲಿ ಹರವಿಯನ್ನಿಡುವುದು ಪ್ರವಾತಸ್ಥಾಪನ. ಅದರ ಬುಡಕ್ಕೆ ಹಸಿ ಮರಳನ್ನು ಹಾಸುವುದು ವಾಲುಕೆಯ ಉಪಾಯಕ್ಕೆ ಹತ್ತಿರವಾದುದು. ನೆಲುವಿನಲ್ಲಿ ತೂಗಹಾಕುವುದು ಶಿಕ್ಯಾವಲಂಬನ. ಚಕ್ಕಡಿಗೆ ಕಟ್ಟಿದ ತತ್ರಾಣಿಯು ಈ ಕಡೆಯದಕ್ಕೆ ಚಲಿಸುವ ಉದಾಹರಣೆಯಷ್ಟೆ.

ಹಿಮವು ಹತ್ತಿರವಿದ್ದವರ ಮಾತು ಬೇರೆ. ಬಾಣಭಟ್ಟನ ಹರ್ಷಚರಿತದ ಐದನೆಯ ಉಚ್ಛ್ವಾಸದಲ್ಲಿ, ಹರ್ಷನ ತಂದೆ ಪ್ರಭಾಕರವರ್ಧನನು ಜ್ವರದಿಂದ ಬೇಯುತ್ತಿರುವಾಗ, ಅರಮನೆಯಲ್ಲಿ ಮಜ್ಜಿಗೆಯ ಪಾತ್ರೆಗಳ ಸುತ್ತ ಹಿಮವನ್ನು ತುಂಬಿ ತಂಪುಮಾಡುತ್ತಿದ್ದ ವರ್ಣನೆ ಬರುವುದು. ಪಾತ್ರೆಯೊಳಗೆ ಹಿಮವನ್ನು ಬೆರೆಸದೆ ಸುತ್ತಲೂ ಇಟ್ಟ ಈ ಕ್ರಮವೇ ಇಂದಿನ ತಂಪುಪೆಟ್ಟಿಗೆಯ ಮೂಲತತ್ತ್ವ. ಆ ಹರ್ಷನನ್ನು ಸೋಲಿಸಿದ ಕೀರ್ತಿ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯದೆಂದು ರವಿಕೀರ್ತಿಯ ಐಹೊಳೆಯ ಶಾಸನ (ಕ್ರಿ. ಶ. ೬೩೪) ಸಾರುವುದು. ಗೆದ್ದವನ ನಾಡಿನಲ್ಲಾದರೋ ಹಿಮವಿಲ್ಲ; ಮಣ್ಣು, ಬಟ್ಟೆ, ಗಾಳಿ ಇವೇ ಇದ್ದವು.

ಪಾಳೆಯದ ತಂಪಿನ ಸ್ಪಷ್ಟವಾದ ವೃತ್ತಾಂತ ದೊರೆಯುವುದು ಮೊಗಲರ ಕಾಲದಲ್ಲಿ. ಅಕ್ಬರನ ಆಳಿಕೆಯಲ್ಲಿ ಪೆಟ್ಲುಪ್ಪನ್ನು ನೀರಿನಲ್ಲಿ ಕರಗಿಸಿ, ಕುಡಿಯುವ ನೀರಿನ ಹೂಜಿಯನ್ನು ಆ ದ್ರವದಲ್ಲಿ ತಿರುಗಿಸುತ್ತಿದ್ದರೆಂದು ಐನ್-ಇ-ಅಕ್ಬರಿ ಹೇಳುವುದು. ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು, ಕಾಲು ಗಂಟೆಯ ಕೆಲಸ. ಮದ್ದಿನ ಪದಾರ್ಥದಿಂದ ನೀರನ್ನು ತಣಿಸಿದ ಈ ಜಾಣ್ಮೆ ಮೆಚ್ಚತಕ್ಕದ್ದೇ, ಆದರೆ ಬಡವನ ಚಕ್ಕಡಿಗೆ ಎಟಕುವಂಥದಲ್ಲ. ೧೬೬೫ರಲ್ಲಿ ಔರಂಗಜೇಬನ ದಂಡಿನ ಸಂಗಡ ಕಾಶ್ಮೀರದ ಹಾದಿ ಹಿಡಿದ ಫ್ರೆಂಚ್ ವೈದ್ಯ ಬರ್ನಿಯೆ ಇನ್ನೊಂದು ಬಗೆಯನ್ನು ಬರೆದಿಟ್ಟಿದ್ದಾನೆ: ತವರದ ಸುರಾಯಿಗೆ ಕೆಂಪು ಬಟ್ಟೆಯ ಹೊದಿಕೆ, ಅದನ್ನು ಸದಾ ತೋಯಿಸುತ್ತಿರಬೇಕು, ದಾರಿಯಲ್ಲಿ ಆಳು ಅದನ್ನು ಕೈಯಲ್ಲಿ ಹಿಡಿದು ಆಡಿಸುತ್ತ ಸಾಗಬೇಕು, ಬೀಡು ಬಿಟ್ಟಲ್ಲಿ ನೆಲಕ್ಕೆ ತಾಗದಂತೆ ಮೂರು ಕೋಲುಗಳ ಮೇಲೆ ಗಾಳಿಗೆ ಇಡಬೇಕು. ಸುಶ್ರುತನ ಪಾಠ ಇಲ್ಲಿ ಗುಡಾರದೊಳಕ್ಕೆ ಬಂದಂತಾಯಿತು. ಒದ್ದೆಬಟ್ಟೆಯು ಗಾಳಿಯ ಅಗ್ನಿಕಣಗಳನ್ನು ತಡೆಯುವುದೆಂದು ಬರ್ನಿಯೆಯ ಊಹೆ. ಅದು ಸರಿಯಲ್ಲ, ಗುಪ್ತೋಷ್ಣದ ತತ್ತ್ವವನ್ನು ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕನು ಕಂಡುಕೊಳ್ಳಲು ಇನ್ನೂ ನೂರು ವರುಷಗಳಷ್ಟು ಕಾಲ ಬೇಕಾಗಿದ್ದಿತು. ಕೈಗೆ ತಿಳಿದುದು ಬುದ್ಧಿಗೆ ತಡವಾಗಿ ತಿಳಿಯಿತು. ಮೂವತ್ತು ವರುಷಗಳ ತರುವಾಯ, ೧೬೯೫ರಲ್ಲಿ, ಇಟಲಿಯ ಪ್ರವಾಸಿ ಜೆಮೆಲ್ಲಿ ಕಾರೇರಿಯು ಅದೇ ಬಾದಶಹನನ್ನು ಕಂಡದ್ದು ನಮ್ಮ ಕೃಷ್ಣಾತೀರದ ಗಲಗಲಿಯ ಪಾಳೆಯದಲ್ಲಿ.

ಬ್ಲ್ಯಾಕನ ತತ್ತ್ವವನ್ನು ಲೆಕ್ಕಕ್ಕಿಳಿಸಿದರೆ ಸಂಗತಿ ವಿಶದವಾಗುವುದು. ಒಂದು ಸೇರು ಬರ್ಫವು ಕರಗುವಾಗ ಎಂಟು ಸೇರು ನೀರನ್ನು ಹತ್ತು ಅಂಶ ತಣಿಸಬಲ್ಲದು. ಒಂದು ಸೇರು ನೀರು ಆವಿಯಾಗುವಾಗಲಾದರೋ ಐವತ್ತೆಂಟು ಸೇರನ್ನು ಅಷ್ಟೇ ತಣಿಸುವುದು. ಹಾಗಾದರೆ ಬರ್ಫವೇಕೆ ಬೇಕು? ಆವಿಯ ತಂಪಿಗೆ ಒಂದು ಮೇರೆಯುಂಟು. ಬಿಸಿಲು ೪೦ ಅಂಶ, ಗಾಳಿಯ ತೇವ ನೂರಕ್ಕೆ ೨೦ ಇರುವ ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಹರವಿಯ ನೀರು ಸುಮಾರು ೨೩ ಅಂಶದವರೆಗೆ ಇಳಿಯಬಹುದು; ಅದರ ಕೆಳಗೆ ಇಳಿಯದು. ತೇವ ತುಂಬಿದ ಕರಾವಳಿಯಲ್ಲಿ ಅಷ್ಟೂ ಇಳಿಯದು. ಕುಡಿಯುವವನ ಗಂಟಲಿಗೆ ಇದು ಅಮೃತವೇ, ಹಾಲಿಗೆ ಮಾತ್ರ ಸಾಲದು. ಹಾಲು ದಿನವೆಲ್ಲ ಕೆಡದಿರಬೇಕಾದರೆ ೫ ಅಂಶದ ಸುತ್ತಮುತ್ತ ಇರಬೇಕು. ಹಿಂದಿನವರು ಈ ತೊಡಕನ್ನು ಬೇರೆ ದಾರಿಯಿಂದ ಬಿಡಿಸಿದರು. ಮೊಸರುಬುತ್ತಿಗೆ ಅನ್ನದಲ್ಲಿ ಹಾಲನ್ನೇ ಹೆಚ್ಚಾಗಿ ಕಲಸಿ, ಒಂದು ಚಮಚ ಮೊಸರು ಬೆರೆಸಿ, ನಸುಕಿನಲ್ಲಿ ಕಟ್ಟುವರು. ಮಧ್ಯಾಹ್ನ ಬಿಚ್ಚುವ ವೇಳೆಗೆ ಅದು ಹದವಾಗಿ ಹೆತ್ತಿರುವುದು. ಬಿಸಿಲನ್ನು ಕಾದಾಡದೆ ಅದರಿಂದಲೇ ಕೆಲಸ ಮಾಡಿಸಿಕೊಂಡ ಬುದ್ಧಿಯಿದು.

ಬರ್ಫವನ್ನು ದೂರ ಒಯ್ಯುವ ವಿದ್ಯೆ ಹಡಗಿನಿಂದ ಬಂದಿತು. ೧೮೩೩ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರನು ಟಸ್ಕನಿ ಎಂಬ ಹಡಗಿನಲ್ಲಿ ಸುಮಾರು ೧೮೦ ಟನ್ನು ಬರ್ಫವನ್ನು ಕಲಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳ ಪಯಣದ ಬಳಿಕ ಸುಮಾರು ೧೦೦ ಟನ್ನು ಉಳಿದಿದ್ದಿತು. ಅವನು ಬಳಸಿದ್ದು ಇಬ್ಬಗೆಯ ಹಲಗೆಗೋಡೆ, ನಡುವೆ ತೊಗಟೆಯ ಪುಡಿ, ಮೇಲೆ ಒಣಹುಲ್ಲು. ಮದರಾಸಿನಲ್ಲಿ ೧೮೪೨ರಲ್ಲಿ ಕಟ್ಟಿದ ಬರ್ಫದ ಮನೆ ಇಂದು ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ಈಗ ವಿದ್ಯಾಗಿರಿಯಿಂದ ಐಹೊಳೆ ಪಟ್ಟದಕಲ್ಲುಗಳಿಗೆ ಹೊರಡುವ ಕುಟುಂಬಗಳ ಮೋಟಾರಿನಲ್ಲಿರುವ ಥರ್ಮೋಕೋಲಿನ ಪೆಟ್ಟಿಗೆಯು ಅದೇ ಹಡಗಿನ ಮರಿ. ಆದುದರಿಂದ ಹಡಗಿನ ನಿಯಮಗಳೇ ಅದಕ್ಕೂ ಸಲ್ಲುವುವು: ಚೂರುಗಳಿಗಿಂತ ದೊಡ್ಡ ಗಡ್ಡೆ ನಿಧಾನವಾಗಿ ಕರಗುವುದು, ಪದಾರ್ಥಗಳನ್ನು ಮೊದಲೇ ತಣಿಸಿ ಒತ್ತಾಗಿ ತುಂಬಬೇಕು, ಮಕ್ಕಳು ಗಳಿಗೆಗೊಮ್ಮೆ ಮುಚ್ಚಳ ತೆರೆದರೆ ಎಲ್ಲವೂ ವ್ಯರ್ಥ. ಕರಗಿದ ನೀರು ತಣ್ಣಗಿರುವತನಕ ಅದನ್ನು ಚೆಲ್ಲುವ ಅವಸರ ಬೇಡ, ಆದರೆ ಆಹಾರ ಅದರಲ್ಲಿ ನೆನೆಯಬಾರದು; ಸಂತೆಯ ಬರ್ಫದ ನೀರನ್ನಂತೂ ಕುಡಿಯಲಾಗದು. ಪೆಟ್ಟಿಗೆಯ ಮೇಲೊಂದು ಹಸಿ ಗೋಣಿಯನ್ನು ಹೊದಿಸಿ ನೆರಳಿನ ಗಾಳಿಗಿಟ್ಟರೆ ಸುಶ್ರುತನೂ ಟ್ಯೂಡರನೂ ಒಂದೇ ಕಡೆ ದುಡಿಯುವರು.

ಈ ವಿವೇಕ ಕೇವಲ ರುಚಿಯ ಮಾತಲ್ಲ. ಮಧುಮೇಹವುಳ್ಳ ಹಿರಿಯರು ಇಂದು ಜಾತ್ರೆಗೆ ಇನ್ಸುಲಿನ್ನಿನ ಶೀಷೆಯನ್ನು ಒಯ್ಯಬೇಕಾಗುವುದು. ಪ್ರೀತಿಯ ಮಗನು ಅದನ್ನು ಬರ್ಫದ ನಡುವೆಯೇ ಹುದುಗಿಸಿಬಿಡುವನು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ನಂಬಲು ಬಾರದು, ಎಸೆಯತಕ್ಕದ್ದೇ. ಬಳಕೆಗೆ ತೆರೆದ ಶೀಷೆಗಳಲ್ಲಿ ಹೆಚ್ಚಿನವು ೩೦ ಅಂಶದೊಳಗೆ ಸುಮಾರು ನಾಲ್ಕು ವಾರ ಕೆಡದಿರುವುವು. ಆ ಮೇರೆಯನ್ನು ಕಾಯಲು ನಮ್ಮ ಒಣಗಾಳಿಯಲ್ಲಿ ಬರ್ಫವೇ ಬೇಕೆಂದಿಲ್ಲ. ಶೀಷೆಯನ್ನು ನೀರು ತಾಗದಂತೆ ಒಣ ಡಬ್ಬಿಯಲ್ಲಿ ಮುಚ್ಚಿ, ಹೊರಗೆ ತೋಯಿಸಿದ ಮಣ್ಣಿನ ಕುಡಿಕೆಯೊಳಗಿಟ್ಟು ನೆರಳಿನಲ್ಲಿರಿಸಿದರೆ ಸಾಕಾಗುವುದು. ಅಂಥ ಕುಡಿಕೆಗಳು ಬನಶಂಕರಿಯ ಗುಡಿಯ ಮುಂದೆ, ರೊಟ್ಟಿಯ ಬುಟ್ಟಿಯೊಡನೆ ಮೊಸರು ಮಾರುವ ಹೆಂಗಸರ ಬಳಿ ಈಗಲೂ ದೊರೆಯುವುವು.